ಎಲ್ಲರದ್ದಾದ ಹಾಡಿಗೆ ವಕೀಲರಿಲ್ಲ

— ಚಿಕ್ಕಪ್ಪ, ರಾಕ್ ಗುಂಪು ಜೆನೆಸಿಸ್‌ನವರ ‘ವಿಂಡ್ ಅಂಡ್ ವದರಿಂಗ್’ ಆಲ್ಬಮನ್ನು ಹೊಸದಾಗಿ ಜೋಡಿಸಬೇಕೆಂದಿದ್ದೇನೆ. ಆಗ ರೆಕಾರ್ಡ್ ಮಾಡಿ ಕೈಬಿಟ್ಟ ಹಾಡುಗಳನ್ನೂ ಪರಿಗಣಿಸಿ. ನೀವು ಏನಂತೀರಿ?

— ಅನ್ನುವುದು ಆಮೇಲೆ. ಮೊದಲು ಕಾರಣ ಹೇಳು. ಆ ಆಲ್ಬಮ್‌ಗೆ ಈಗ ಏನು ಕಡಿಮೆಯಾಗಿದೆ?

— ಒಂದು ಹಾಡು. ‘ಇನ್‌ಸೈಡ್ ಅಂಡ್ ಔಟ್’. ಅದೇ ದಿನಗಳಲ್ಲಿ, ಅದೇ ಸ್ಟುಡಿಯೊದಲ್ಲಿ, ಅದೇ ನಾಲ್ವರು ನುಡಿಸಿದ್ದು. ಜೈಲಿನಿಂದ ಹೊರಬಂದವನೊಬ್ಬನ ಕಥೆ. ಮೊದಲರ್ಧ ಹನ್ನೆರಡು ತಂತಿಯ ಗಿಟಾರಿನ ಮೇಲೆ ಮೆಲ್ಲಗೆ ಸಾಗುತ್ತದೆ. ಆಮೇಲೆ ಹಾಡು ನಿಂತು ವಾದ್ಯಗಳು ಓಡತೊಡಗುತ್ತವೆ, ಸಿಂಥಸೈಜರೂ ಗಿಟಾರೂ ಜಿದ್ದಿಗೆ ಬಿದ್ದ ಹಾಗೆ. ಅಂಥದ್ದನ್ನು ಹೊರಗಿಟ್ಟು ‘ವಾಟ್ ಗೊರಿಲ್ಲಾ?’ದಂಥ ಮೂರು ನಿಮಿಷದ ತುಣುಕನ್ನು ಒಳಗಿಟ್ಟರಲ್ಲ, ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

— ಹೊಟ್ಟೆಯುರಿಯಿಂದ ಪಟ್ಟಿ ಮಾಡಬಾರದು, ಮರಿ. ಅವರು ಯಾವ ಸ್ಥಿತಿಯಲ್ಲಿದ್ದು ಆರಿಸಿದರು ಎನ್ನುವುದನ್ನು ಮುಂದಿಟ್ಟುಕೊಂಡು ಕೂತರೆ ನಾನೂ ಬರುತ್ತೇನೆ.

— ಅದು ನನಗೂ ಗೊತ್ತಿದೆ. 1975ರಲ್ಲಿ ಹಾಡುಗಾರ ಪೀಟರ್ ಗೇಬ್ರಿಯಲ್ ಗುಂಪು ಬಿಟ್ಟು ಹೋದ. ಉಳಿದವರು ನಾಲ್ವರು. ಕೀಬೋರ್ಡಿನಲ್ಲಿ ಟೋನಿ ಬ್ಯಾಂಕ್ಸ್, ಬೇಸ್ ಮತ್ತು ಗಿಟಾರಿನಲ್ಲಿ ಮೈಕ್ ರದರ್‌ಫರ್ಡ್, ಲೀಡ್ ಗಿಟಾರಿನಲ್ಲಿ ಸ್ಟೀವ್ ಹ್ಯಾಕೆಟ್, ಡ್ರಮ್ಸ್ ಜೊತೆಗೆ ಈಗ ಹಾಡುವ ಹೊಣೆಯನ್ನೂ ಹೊತ್ತ ಫಿಲ್ ಕಾಲಿನ್ಸ್. 1976ರ ಫೆಬ್ರುವರಿಯಲ್ಲಿ ‘ಎ ಟ್ರಿಕ್ ಆಫ್ ದ ಟೇಲ್’ ತಂದು, ಗೇಬ್ರಿಯಲ್ ಇಲ್ಲದೆಯೂ ಗುಂಪು ನಡೆಯುತ್ತದೆ ಎಂದು ತೋರಿಸಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಹಿಲ್ವಾರೆನ್‌ಬೇಕ್ ಊರಿನ ರಿಲೈಟ್ ಸ್ಟುಡಿಯೊಕ್ಕೆ ಹೋದರು, ನಿರ್ಮಾಪಕ ಡೇವಿಡ್ ಹೆಂಚೆಲ್ ಜೊತೆಗೆ. ಡಿಸೆಂಬರ್‌ನಲ್ಲಿ ಆಲ್ಬಮ್ ಬಂತು. ಅಲ್ಲಿ ಸಿದ್ಧವಾದವುಗಳಲ್ಲಿ ಒಂಬತ್ತು ಆಲ್ಬಮ್‌ಗೆ ಸೇರಿದವು, ಮೂರು ಉಳಿದವು. ಆ ಮೂರನ್ನು 1977ರ ಮೇ ತಿಂಗಳಲ್ಲಿ ‘ಸ್ಪಾಟ್ ದ ಪಿಜನ್’ ಎಂಬ ಇಪಿಯಾಗಿ ತಂದರು. ಬ್ರಿಟನ್ನಿನಲ್ಲಿ ಅದು 14ನೇ ಸ್ಥಾನದವರೆಗೂ ಏರಿತು. ಅಕ್ಟೋಬರ್ ಹೊತ್ತಿಗೆ ಹ್ಯಾಕೆಟ್ ಗುಂಪಿನಲ್ಲೇ ಇರಲಿಲ್ಲ.

— ಸರಿ. ಈ ಕೆಲಸಕ್ಕೆ ನೀನು ಒಳ್ಳೆಯ ಆಲ್ಬಮನ್ನೇ ಆರಿಸಿದ್ದೀಯ, ಅದನ್ನು ಒಪ್ಪುತ್ತೇನೆ. ಕೆಲವರು ಹತ್ತು ವರ್ಷಗಳ ಚೂರುಪಾರುಗಳನ್ನೆಲ್ಲ ಗುಡಿಸಿ ತಂದು ಒಂದೇ ಆಲ್ಬಮ್ ಎನ್ನುತ್ತಾರೆ. ಒಂದು ಹಾಡಿನ ಡ್ರಮ್ಸ್ ದೊಡ್ಡ ಹಾಲಿನಲ್ಲಿ ಮೊಳಗುತ್ತದೆ, ಮುಂದಿನದು ಕೋಣೆಯೊಳಗೆ ಕೂತಂತೆ ಕೇಳುತ್ತದೆ. ಇಲ್ಲಿ ಹನ್ನೆರಡೂ ಒಂದೇ ಜಾಗದಲ್ಲಿ, ಒಂದೇ ಕಾಲದಲ್ಲಿ ಹುಟ್ಟಿದವು. ಹೊಲಿಗೆ ಕಾಣುವುದಿಲ್ಲ.

— ಹಾಗಾದರೆ ನಿಯಮ ಹೇಳಿ.

— ಎರಡೇ. ಒಂದು, ಆಗ ಗುಂಪು ಟೇಪಿಗೆ ಹಾಕಿದ್ದನ್ನು ಬಿಟ್ಟು ಬೇರೇನೂ ಸೇರಬಾರದು. ಎರಡು, ನಿನ್ನ ಆಲ್ಬಮ್ ಒಂದು ಎಲ್‌ಪಿಯ ಎರಡು ಬದಿಯಲ್ಲಿ ಹಿಡಿಸಬೇಕು.

— ಎರಡನೆಯದು ಯಾಕೆ? ನಾನು ಎಲ್‌ಪಿ ಒತ್ತಿಸುತ್ತಿಲ್ಲವಲ್ಲ. ಹನ್ನೆರಡನ್ನೂ ಸಾಲಾಗಿ ಇಟ್ಟರೆ ಕೇಳುವುದಕ್ಕೆ ಏನು ತೊಂದರೆ?

— ಆಗ ನೀನು ಏನನ್ನೂ ಆರಿಸಿದ ಹಾಗಾಗುವುದಿಲ್ಲ. ಇರುವುದನ್ನೆಲ್ಲ ಸುರಿದರೆ ಅದು ಉಗ್ರಾಣ. ಅವರ ಕೈ ಕಟ್ಟಿದ್ದು ಏನು ಎಂಬುದು ನಿನ್ನ ಕೈಗೂ ಬಿಗಿದಾಗಲೇ ಅವರ ತೀರ್ಮಾನ ನಿನಗೆ ಅರ್ಥವಾಗುವುದು. ಲೆಕ್ಕ ಹಾಕು. ಮೊದಲನೇ ಬದಿ ಎಷ್ಟು?

— ‘ಇಲೆವೆಂತ್ ಅರ್ಲ್ ಆಫ್ ಮಾರ್’ 7:41, ‘ಒನ್ ಫಾರ್ ದ ವೈನ್’ 10:00, ‘ಯುವರ್ ಓನ್ ಸ್ಪೆಷಲ್ ವೇ’ 6:18, ‘ವಾಟ್ ಗೊರಿಲ್ಲಾ?’ 3:19. ಒಟ್ಟು 27 ನಿಮಿಷ 18 ಸೆಕೆಂಡು. ಮುದ್ರಣದಿಂದ ಮುದ್ರಣಕ್ಕೆ ಒಂದೆರಡು ಸೆಕೆಂಡು ಹೆಚ್ಚುಕಡಿಮೆ ಇರಬಹುದು.

— ಎರಡನೇ ಬದಿ?

— ‘ಆಲ್ ಇನ್ ಎ ಮೌಸಸ್ ನೈಟ್’ 6:37, ‘ಬ್ಲಡ್ ಆನ್ ದ ರೂಫ್‌ಟಾಪ್ಸ್’ 5:27. ಆಮೇಲೆ ಒಂದಕ್ಕೊಂದು ಅಂಟಿಕೊಂಡ ಮೂರು: ‘ಅನ್‌ಕ್ವಯಟ್ ಸ್ಲಂಬರ್ಸ್ ಫಾರ್ ದ ಸ್ಲೀಪರ್ಸ್’ 2:23, ‘ಇನ್ ದಟ್ ಕ್ವಯಟ್ ಅರ್ತ್’ 4:50, ‘ಆಫ್ಟರ್‌ಗ್ಲೋ’ 4:12. ಒಟ್ಟು 23:29. ಎರಡೂ ಬದಿ ಸೇರಿ 50:47.

— ಎಲ್‌ಪಿಯಲ್ಲಿ ಬದಿಗೆ 20–22 ನಿಮಿಷ ಇದ್ದರೆ ಎಲ್ಲ ಹಾಯಾಗಿರುತ್ತದೆ. ಅದಕ್ಕಿಂತ ಜಾಸ್ತಿ ತುಂಬಬೇಕಾದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಒತ್ತಾಗಿ ಕೊರೆಯಬೇಕಾದರೆ ಧ್ವನಿ ತಗ್ಗಿಸಬೇಕು, ಬೇಸ್ ಕತ್ತರಿಸಬೇಕು. ಧ್ವನಿ ತಗ್ಗಿದಷ್ಟೂ ಮುಳ್ಳಿನ ಸರಪರ ಶಬ್ದ ಮುಂದೆ ಬರುತ್ತದೆ. 27 ನಿಮಿಷದ ಮೊದಲನೇ ಬದಿ ಆಗಲೇ ಮಿತಿಮೀರಿತ್ತು. ಅದರ ಮೇಲೆ 6:45 ಇರುವ ‘ಇನ್‌ಸೈಡ್ ಅಂಡ್ ಔಟ್’ ಹಾಕಿದ್ದರೆ?

— 34 ದಾಟುತ್ತಿತ್ತು.

— ಎಂದರೆ, ಅದನ್ನು ಸೇರಿಸುವುದೋ ಬೇಡವೋ ಎಂಬ ಪ್ರಶ್ನೆಯೇ ಅಲ್ಲಿರಲಿಲ್ಲ. ಅದರ ಜಾಗಕ್ಕೆ ಯಾರನ್ನು ಎಬ್ಬಿಸುವುದು ಎಂಬ ಪ್ರಶ್ನೆ ಇತ್ತು.

— ಎಬ್ಬಿಸುವುದಕ್ಕೆ ಮೊದಲು ಇನ್ನೊಬ್ಬರನ್ನು ಕೂರಿಸಬೇಕು, ಚಿಕ್ಕಪ್ಪ. ಹ್ಯಾಕೆಟ್‌ನ ‘ಪ್ಲೀಸ್ ಡೋಂಟ್ ಟಚ್’. ಅದನ್ನು ಗುಂಪು ಅಭ್ಯಾಸ ಮಾಡಿತ್ತು, ಆದರೆ ಬಿಟ್ಟು ‘ವಾಟ್ ಗೊರಿಲ್ಲಾ?’ ತೆಗೆದುಕೊಂಡರು ಎಂದು ಹ್ಯಾಕೆಟ್ ಸಂದರ್ಶನಗಳಲ್ಲಿ ಹೇಳಿದ್ದಾನೆ. ಅವನು ಹೊರಬಂದ ಮೇಲೆ 1978ರಲ್ಲಿ ತನ್ನದೇ ಆಲ್ಬಮ್‌ಗೆ ಅದರ ಹೆಸರನ್ನೇ ಇಟ್ಟ.

— ಅಭ್ಯಾಸ ಮಾಡಿತ್ತು, ಸರಿ. ನಮ್ಮ ಕೈಯಲ್ಲಿರುವ ರೆಕಾರ್ಡಿಂಗ್ ಯಾರದ್ದು?

— ಹ್ಯಾಕೆಟ್‌ನ ಸೋಲೊ ಆಲ್ಬಮ್‌ನದ್ದು. ಆದರೆ ಅದರಲ್ಲಿ ಡ್ರಮ್ಸ್ ನುಡಿಸಿದವರಲ್ಲಿ ಚೆಸ್ಟರ್ ಥಾಂಪ್ಸನ್ ಇದ್ದಾನೆ. 1977ರಿಂದ ಜೆನೆಸಿಸ್ ಜೊತೆ ವೇದಿಕೆಯ ಮೇಲೆ ಡ್ರಮ್ಸ್ ನುಡಿಸಿದವನು ಅವನೇ ಅಲ್ಲವೇ? ಸಂಬಂಧ ಇಲ್ಲದೇ ಇಲ್ಲ.

— ಸಂಬಂಧ ಹಿಡಿದು ಹೋದರೆ ಊರೆಲ್ಲ ನೆಂಟರೇ. ಬ್ಯಾಂಕ್ಸ್ ಮುಟ್ಟದ, ರದರ್‌ಫರ್ಡ್ ಮುಟ್ಟದ, ಕಾಲಿನ್ಸ್ ಮುಟ್ಟದ ಹಾಡು ಜೆನೆಸಿಸ್ ಹಾಡಾಗುವುದು ಹೇಗೆ? ಅದನ್ನು ಒಳಗೆ ತಂದರೆ ನೀನು ಕೈಬಿಟ್ಟ ಹಾಡನ್ನು ಜೋಡಿಸುತ್ತಿಲ್ಲ, ಕೈಗೂಡದ ಹಾಡನ್ನು ಊಹಿಸುತ್ತಿದ್ದೀಯ. ಎರಡೂ ಒಂದೇ ಅಲ್ಲ. ಮೊದಲನೆಯದಕ್ಕೆ ಟೇಪು ಸಾಕ್ಷಿ. ಎರಡನೆಯದಕ್ಕೆ ನಮ್ಮ ಆಸೆ ಮಾತ್ರ.

— ಒಪ್ಪಿದೆ. ಮನಸ್ಸಿಲ್ಲದೆ ಒಪ್ಪಿದೆ. ಇನ್ನು ಇಪಿಯ ಉಳಿದೆರಡು. ‘ಮ್ಯಾಚ್ ಆಫ್ ದ ಡೇ’ ಫುಟ್‌ಬಾಲ್ ಮೇಲಿನ ತಮಾಷೆ ಹಾಡು. ಬಿಬಿಸಿಯ ಕಾರ್ಯಕ್ರಮದ ಹೆಸರನ್ನೇ ಎತ್ತಿಕೊಂಡದ್ದು. ‘ಪಿಜನ್ಸ್’ ಪಾರಿವಾಳಗಳ ಹಿಕ್ಕೆಯ ಹಾಡು. ಅದರಲ್ಲಿ ಒಂದು ಕಸುಬಿದೆ. ಒಂದೇ ಸ್ವರ ಮೇಲೆ ಬಡಿಯುತ್ತಲೇ ಇರುತ್ತದೆ, ಅದರ ಕೆಳಗೆ ಕಾರ್ಡ್‌ಗಳು ಬದಲಾಗುತ್ತಾ ಹೋಗುತ್ತವೆ.

— ಷಡ್ಜ ಹಿಡಿದ ತಂಬೂರಿಯ ಮೇಲೆ ರಾಗ ಬದಲಾಗುವುದನ್ನು ಕೇಳಿ ಬೆಳೆದ ಕಿವಿಗೆ ಅದು ಇಷ್ಟವಾಗುವುದು ಸಹಜ. ಇವುಗಳನ್ನು ಎಲ್ಲಿ ಇಡುತ್ತೀಯ?

— ಎಲ್ಲಿಯೂ ಇಡಲಾರೆ. ‘ಅರ್ಲ್ ಆಫ್ ಮಾರ್’ 1715ರ ಸ್ಕಾಟ್ಲೆಂಡಿನ ಸೋತ ದಂಗೆಯ ಕಥೆ. ‘ಒನ್ ಫಾರ್ ದ ವೈನ್’ ತನಗೆ ಬೇಡವೆಂದರೂ ಜನ ದೇವದೂತ ಎಂದು ಹೊತ್ತು ಮೆರೆಸುವವನ ಕಥೆ. ಕೊನೆಯ ಎರಡು ವಾದ್ಯರಚನೆಗಳ ಹೆಸರು ಎಮಿಲಿ ಬ್ರಾಂಟಿಯ ‘ವದರಿಂಗ್ ಹೈಟ್ಸ್’ ಕಾದಂಬರಿಯ ಕಟ್ಟಕಡೆಯ ವಾಕ್ಯದಿಂದ ಬಂದವು. ಆಲ್ಬಮ್‌ನ ತುಂಬ ಮಂಜು, ಬಯಲು, ಇಳಿಹೊತ್ತಿನ ಬೆಳಕು. ಅದರ ನಡುವೆ ಫುಟ್‌ಬಾಲ್ ಗದ್ದಲ ಬಂದರೆ ಪಾಪ, ಫುಟ್‌ಬಾಲಿಗೇ ಅವಮಾನ.

— ಆ ಹಾಡಿನ ಬಗ್ಗೆ ಅವರಿಗೇ ಸಂಕೋಚ ಇತ್ತೇನೋ ಅನಿಸುತ್ತದೆ. 2000ದಲ್ಲಿ ಬಂದ ‘ಜೆನೆಸಿಸ್ ಆರ್ಕೈವ್ 2’ ಪೆಟ್ಟಿಗೆಗೂ ‘ಮ್ಯಾಚ್ ಆಫ್ ದ ಡೇ’ಯನ್ನು ಸೇರಿಸಲಿಲ್ಲ. ಕೊನೆಗೆ ಸೇರಿದ್ದು 2007ರ ಪೆಟ್ಟಿಗೆಯಲ್ಲಿ. ಹಾಗಾದರೆ ಮೂರರಲ್ಲಿ ಎರಡು ಹಾಡುಗಳ ಮಟ್ಟಿಗೆ ನೀನೂ ಅವರೂ ಒಮ್ಮತಕ್ಕೆ ಬಂದಿರಿ. ಈಗ ಯಾರನ್ನು ಎಬ್ಬಿಸುತ್ತೀಯ?

— ‘ವಾಟ್ ಗೊರಿಲ್ಲಾ?’ ಮೊದಲು ಹೊರಗೆ.

— ಅವಸರ ಬೇಡ. ಅದಕ್ಕೂ ಅಲ್ಲೊಂದು ಕೆಲಸ ಇದೆ. ‘ಒನ್ ಫಾರ್ ದ ವೈನ್’ನಲ್ಲಿ ಬರುವ ಒಂದು ಎಳೆಯೇ ಅಲ್ಲಿ ಮತ್ತೆ ಕೇಳುತ್ತದೆ. ಮೊದಲನೇ ಬದಿಗೆ ಅದು ಮಂಗಳ ಹಾಡಿದ ಹಾಗೆ. ಅಲ್ಲದೆ ಕಾಲಿನ್ಸ್ ಆಗ ಬ್ರ್ಯಾಂಡ್ ಎಕ್ಸ್ ಎಂಬ ಇನ್ನೊಂದು ಗುಂಪಿನಲ್ಲಿ ಜಾಝ್ ಕಡೆ ವಾಲಿದ ಸಂಗೀತ ನುಡಿಸುತ್ತಿದ್ದ. ಆ ಕೈ ಈ ಆಲ್ಬಮ್‌ನಲ್ಲಿ ಬಿಡುವಾಗಿ ಆಡಿದ್ದು ಅಲ್ಲಿಯೇ.

— ಎಳೆ ಮತ್ತೆ ಬರುವುದು ನಿಜ. ಆದರೆ ಅಲ್ಲಿ ಬಂದು ಅದು ಏನನ್ನೂ ಹೇಳುವುದಿಲ್ಲ. ನೆನಪಿಸಿ ಹೊರಟುಹೋಗುತ್ತದೆ. ನನ್ನ ಪಟ್ಟಿಯಲ್ಲಿ ಅದಿಲ್ಲ. ಎರಡನೆಯದಾಗಿ ‘ಮೌಸಸ್ ನೈಟ್’ ಹೊರಗೆ. ಇಲಿ, ಬೆಕ್ಕು, ಮಲಗುವ ಕೋಣೆ, ಕಾರ್ಟೂನಿನಂಥ ಕಥೆ. ಅದನ್ನು ತೆಗೆದರೆ ‘ಸ್ಪೆಷಲ್ ವೇ’ ಎರಡನೇ ಬದಿಯ ತಲೆಗೆ ಬರುತ್ತದೆ. ಮೊದಲನೇ ಬದಿಯಲ್ಲಿ ‘ಅರ್ಲ್’, ‘ಇನ್‌ಸೈಡ್ ಅಂಡ್ ಔಟ್’, ‘ಒನ್ ಫಾರ್ ದ ವೈನ್’. ಒಟ್ಟು 24:26. ಎರಡನೆಯದರಲ್ಲಿ ‘ಸ್ಪೆಷಲ್ ವೇ’, ‘ರೂಫ್‌ಟಾಪ್ಸ್’, ಆಮೇಲೆ ಬಿಡಿಸಲಾಗದ ಆ ಮೂರು. 23:10. ಮೂಲಕ್ಕಿಂತ ಮೂರು ನಿಮಿಷ ಕಡಿಮೆ.

— ನನ್ನದು ಇನ್ನೂ ಸುಲಭ. ಎರಡನೇ ಬದಿಯನ್ನು ಮುಟ್ಟುವುದೇ ಇಲ್ಲ. ಇಲಿ ಇದ್ದಲ್ಲೇ ಇರಲಿ. ಮೊದಲನೇ ಬದಿಯಿಂದ ‘ಸ್ಪೆಷಲ್ ವೇ’ ಮತ್ತು ‘ಗೊರಿಲ್ಲಾ’ ತೆಗೆದು ಆ ಜಾಗಕ್ಕೆ ‘ಇನ್‌ಸೈಡ್ ಅಂಡ್ ಔಟ್’. ಒಂದೇ ಬದಿಗೆ ಕತ್ತರಿ ಬಿತ್ತು, ಕೆಲಸ ಮುಗಿಯಿತು.

— ‘ಸ್ಪೆಷಲ್ ವೇ’ ತೆಗೆಯುತ್ತೀರಾ? ಆ ಆಲ್ಬಮ್‌ನಿಂದ ಸಿಂಗಲ್ ಆಗಿ ಬಂದದ್ದೇ ಅದು. ಅಮೆರಿಕದ ಹಾಟ್ 100 ಪಟ್ಟಿಯಲ್ಲಿ 62ಕ್ಕೆ ಏರಿತು. ಆ ಪಟ್ಟಿಗೆ ಜೆನೆಸಿಸ್ ಕಾಲಿಟ್ಟದ್ದೇ ಆ ಹಾಡಿನಿಂದ.

— ಈಗ ನೀನು ಕೇಳುಗರ ಕುರ್ಚಿಯಿಂದ ಎದ್ದು ರೆಕಾರ್ಡ್ ಕಂಪನಿಯ ಕುರ್ಚಿಯಲ್ಲಿ ಕೂತೆ.

— ಕೂತೆ. ನೀವೇ ತಾನೇ ಅವರ ಕೈ ಕಟ್ಟಿದ್ದೆಲ್ಲ ನಮ್ಮ ಕೈಗೂ ಬಿಗಿಯಬೇಕು ಎಂದದ್ದು? ಎಲ್‌ಪಿಯ ಗೆರೆ ಒಂದು ಕಟ್ಟು. ರೇಡಿಯೊಗೆ ಒಂದು ಹಾಡು ಬೇಕು ಎನ್ನುವುದೂ ಒಂದು ಕಟ್ಟು. ನಿಮಗೆ ಇಷ್ಟವಾದ ಕಟ್ಟನ್ನು ಮಾತ್ರ ಬಿಗಿದುಕೊಂಡರೆ ಹೇಗೆ?

— ಬರಲಿ ಮಾತು! ಒಪ್ಪಬೇಕಾದದ್ದೇ. ಆದರೂ ಇಲಿಯನ್ನು ಬಿಡಲಾರೆ. ಆಮೇಲೆ ಬರುವ ‘ರೂಫ್‌ಟಾಪ್ಸ್’ ಹ್ಯಾಕೆಟ್‌ನ ನೈಲಾನ್ ತಂತಿಯ ಗಿಟಾರಿನಿಂದ ಶುರುವಾಗುತ್ತದಲ್ಲ, ಆ ತಣ್ಣನೆಯ ಆರಂಭ ಎದ್ದು ಕಾಣಬೇಕಾದರೆ ಹಿಂದೆ ಒಂದಿಷ್ಟು ಗಲಾಟೆ ಬೇಕು. ನಿನ್ನ ಪಟ್ಟಿಯಲ್ಲಿ ಮೆದು ಹಾಡಿನ ಬೆನ್ನಿಗೆ ಮೆದು ಹಾಡು. ಕಿವಿಗೆ ಜೋಂಪು ಹತ್ತುತ್ತದೆ.

— ಅದನ್ನು ಯೋಚಿಸಿರಲಿಲ್ಲ. ಸರಿ, ನಿಮ್ಮ ಪಟ್ಟಿ ನಿಮಗಿರಲಿ, ನನ್ನದು ನನಗೆ. ಒಂದು ಮಾತ್ರ ಹೇಳಿ. ‘ಇನ್‌ಸೈಡ್ ಅಂಡ್ ಔಟ್’ ಮೊದಲನೇ ಬದಿಯ ಕೊನೆಗೆ ಬಂದರೆ ಚೆನ್ನ ಅಲ್ಲವೇ? ಆ ಓಟದ ಮೇಲೆ ಬದಿ ಮುಗಿಯಬೇಕು.

— ಕಾಗದದ ಮೇಲೆ ಚೆನ್ನ. ತಟ್ಟೆಯ ಮೇಲೆ ಅಲ್ಲ. ತಟ್ಟೆ ತಿರುಗುವುದು ಒಂದೇ ವೇಗದಲ್ಲಿ, ನಿಮಿಷಕ್ಕೆ 33⅓ ಸುತ್ತು. ಆದರೆ ಹೊರ ಅಂಚಿನ ಸುತ್ತು ದೊಡ್ಡದು, ಲೇಬಲ್ ಹತ್ತಿರದ ಸುತ್ತು ಚಿಕ್ಕದು. ಹಾಗಾಗಿ ಮುಳ್ಳಿನ ಕೆಳಗೆ ಒಂದು ಸೆಕೆಂಡಿಗೆ ಹಾದುಹೋಗುವ ಗೆರೆಯ ಉದ್ದ ಒಳಗೆ ಹೋದಂತೆ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಅಷ್ಟು ಚಿಕ್ಕ ಜಾಗದಲ್ಲಿ ಸಿಂಬಲ್ಸ್, ಸಿಂಥ್‌ನ ತಾರಕ ಸ್ವರಗಳನ್ನು ಬರೆದರೆ ಒಡಕು ಕೇಳುತ್ತದೆ. ಚುರುಕಾದದ್ದನ್ನು ಹೊರ ಅಂಚಿನ ಕಡೆಗೆ, ಶಾಂತವಾಗಿ ಮುಗಿಯುವುದನ್ನು ಒಳಗೆ ಇಡುವುದು ಜಾಣತನ. ನೀನು ಮೊದಲು ಹೇಳಿದ ಕ್ರಮವೇ ಸರಿ. ‘ಅರ್ಲ್’, ‘ಇನ್‌ಸೈಡ್’, ‘ವೈನ್’.

— ಫೈಲ್ ಜೋಡಿಸುವಾಗ ಇನ್ನೇನು ನೋಡಬೇಕು?

— ಎಲ್ಲ ಹಾಡುಗಳನ್ನೂ ಒಂದೇ ಪೀಳಿಗೆಯ ಮಿಕ್ಸ್‌ನಿಂದ ತೆಗೆದುಕೊ. ನಿಕ್ ಡೇವಿಸ್ ಮಾಡಿದ 2007ರ ರೀಮಿಕ್ಸ್ ಒಂದು, 1976–77ರ ಮೂಲ ಇನ್ನೊಂದು. ಎರಡನ್ನು ಬೆರೆಸಬೇಡ. ಪ್ರತಿ ಹಾಡಿನ ಧ್ವನಿಯನ್ನೂ ಬೇರೆ ಬೇರೆಯಾಗಿ ಎತ್ತಿ ಸಮ ಮಾಡಬೇಡ. ಮಾಡಿದರೆ ಮೆದು ಹಾಡೂ ಜೋರು ಹಾಡೂ ಒಂದೇ ಎತ್ತರಕ್ಕೆ ಬಂದು ಆಲ್ಬಮ್ ಸಪಾಟಾಗುತ್ತದೆ. ಹಾಡುಗಳ ನಡುವಿನ ಮೌನವನ್ನು ಗಡಿಯಾರ ನೋಡಿ ಇಡಬೇಡ, ಕಿವಿಗೆ ಕೇಳಿ ಇಡು.

— ಇನ್ನೊಂದು ವಿಷಯ, ಚಿಕ್ಕಪ್ಪ. ಈ ಪಟ್ಟಿ ಮಾಡಲು ಕೂತಾಗ ನನ್ನ ಮನಸ್ಸಿನಲ್ಲಿ ಒಂದು ಕಥೆ ಇತ್ತು. ಹ್ಯಾಕೆಟ್‌ನ ಹಾಡುಗಳನ್ನು ಉಳಿದವರು ತಳ್ಳಿದರು, ಅದಕ್ಕೇ ‘ಇನ್‌ಸೈಡ್ ಅಂಡ್ ಔಟ್’ ಹೊರಗೆ ಬಿತ್ತು, ಅದಕ್ಕೇ ಅವನು ಹೊರಟ ಅಂತ. ಆ ಹಾಡು ಸೇರಿದ್ದರೆ ಅವನು ಉಳಿಯುತ್ತಿದ್ದನೇನೋ ಅಂತಲೂ.

— ತುಂಬ ಜನ ಹೇಳುವ ಕಥೆಯೇ ಅದು. ಹಾಡಿನ ಕೆಳಗೆ ಯಾರ ಹೆಸರಿದೆ, ನೋಡಿದ್ದೀಯಾ?

— ಅದನ್ನೇ ಹೇಳಲು ಹೊರಟೆ. ‘ಇನ್‌ಸೈಡ್ ಅಂಡ್ ಔಟ್’ ಕೆಳಗೆ ನಾಲ್ವರ ಹೆಸರೂ ಇದೆ. ಹ್ಯಾಕೆಟ್ ಒಬ್ಬನ ಹಾಡಲ್ಲ ಅದು. ಆಮೇಲೆ ಇಡೀ ಆಲ್ಬಮ್‌ನ ಹೆಸರುಗಳನ್ನು ನೋಡಿದೆ. ‘ಒನ್ ಫಾರ್ ದ ವೈನ್’, ‘ಮೌಸಸ್ ನೈಟ್’, ‘ಆಫ್ಟರ್‌ಗ್ಲೋ’, ಮೂರೂ ಬ್ಯಾಂಕ್ಸ್ ಒಬ್ಬನವೇ. 20 ನಿಮಿಷ 49 ಸೆಕೆಂಡು. ಆಲ್ಬಮ್‌ನ ಐದರಲ್ಲಿ ಎರಡು ಪಾಲು. ‘ಸ್ಪೆಷಲ್ ವೇ’ ರದರ್‌ಫರ್ಡ್ ಒಬ್ಬನದು. ಹ್ಯಾಕೆಟ್ ಒಬ್ಬನದೇ ಆದದ್ದು ಒಂದೂ ಇಲ್ಲ. ನಾಲ್ಕರಲ್ಲಿ ಅವನ ಹೆಸರು ಬೇರೆಯವರ ಜೊತೆ ಸೇರಿ ಬರುತ್ತದೆ. ನಾಲ್ವರ ಹೆಸರೂ ಒಟ್ಟಿಗಿರುವುದು ಒಂಬತ್ತರಲ್ಲಿ ಒಂದೇ ಒಂದು, ‘ಇನ್ ದಟ್ ಕ್ವಯಟ್ ಅರ್ತ್’.

— ಹಾಗಾದರೆ ಎಲ್ಲರೂ ಸೇರಿ ಕಟ್ಟಿದ ಎರಡನೆಯ ಹಾಡು ಹೊರಗೆ ಹೋಯಿತು.

— ಹೌದು. ಅದನ್ನೇ ಯೋಚಿಸುತ್ತಿದ್ದೆ. ಒಬ್ಬ ತನ್ನ ಹಾಡನ್ನು ಹೊತ್ತು ತಂದರೆ ಅದನ್ನು ಉಳಿಸಿಕೊಳ್ಳಲು ಕೊನೆಯವರೆಗೂ ವಾದಿಸುತ್ತಾನೆ. ನಾಲ್ವರೂ ಕೂತು ನುಡಿಸುತ್ತಾ ನುಡಿಸುತ್ತಾ ಹುಟ್ಟಿದ ಹಾಡಿಗೆ ಯಾರು ವಾದಿಸಬೇಕು? ಎಲ್ಲರಿಗೂ ಅದು ಇಷ್ಟ, ಆದರೆ ಯಾರಿಗೂ ಅದು ತನ್ನ ಕೂಸಲ್ಲ. ಜಾಗ ಸಾಲದೆ ಬಂದಾಗ ಅಂಥ ಹಾಡು ಸುಮ್ಮನೆ ಎದ್ದು ಹೋಗುತ್ತದೆ. ಸ್ಟುಡಿಯೊದಲ್ಲಿ ಹೀಗೇ ನಡೆಯಿತು ಎಂದು ನಾನು ಹೇಳುವುದಿಲ್ಲ. ಹೆಸರುಗಳ ಪಟ್ಟಿ ನೋಡಿದರೆ ಹೀಗೆ ಅನಿಸುತ್ತದೆ.

— ಅನಿಸಿದ್ದಕ್ಕೆ ಮುಂದಿನ ವರ್ಷಗಳಲ್ಲಿ ಒಂದು ಪುರಾವೆಯೂ ಸಿಗುತ್ತದೆ ನೋಡು. ಮೂವರೇ ಉಳಿದ ಮೇಲೆ ಅವರು ಕ್ರಮ ಬದಲಿಸಿದರು. 1981ರ ‘ಅಬಕ್ಯಾಬ್’ನಲ್ಲಿ ಒಬ್ಬೊಬ್ಬರಿಗೆ ಸ್ವಂತದ ಒಂದೊಂದೇ ಹಾಡು, ಉಳಿದದ್ದೆಲ್ಲ ಜಂಟಿ. 1983ರಲ್ಲಿ ಗುಂಪಿನ ಹೆಸರನ್ನೇ ಹೊತ್ತು ಬಂದ ಆಲ್ಬಮ್‌ನಲ್ಲಿ ಎಲ್ಲ ಹಾಡುಗಳ ಕೆಳಗೂ ಮೂವರ ಹೆಸರು. ಮನೆಯಿಂದ ಹಾಡು ಬರೆದು ತರುವುದು ನಿಂತು, ಕೋಣೆಯಲ್ಲಿ ಒಟ್ಟಿಗೆ ನುಡಿಸಿ ಹುಟ್ಟಿಸುವುದು ಶುರುವಾಯಿತು. ಎಲ್ಲ ಹಾಡೂ ಎಲ್ಲರದ್ದಾದಾಗ ವಕೀಲಿಕೆಯೇ ಬೇಡ.

— ಆ ಕ್ರಮ 1976ರಲ್ಲೇ ಇದ್ದಿದ್ದರೆ ಹ್ಯಾಕೆಟ್ ಉಳಿಯುತ್ತಿದ್ದನೇ?

— ಅನುಮಾನ. ಅವನು ಕೇಳಿದ್ದು ಅದರ ಉಲ್ಟಾ. ಆಲ್ಬಮ್‌ನಲ್ಲಿ ತನ್ನ ಹಾಡುಗಳಿಗೆ ಇಷ್ಟು ಪಾಲು ಎಂದು ಖಚಿತವಾಗಬೇಕು ಎನ್ನುವುದು ಅವನ ಬೇಡಿಕೆ. ಉಳಿದವರು ಒಪ್ಪಲಿಲ್ಲ. 1975ರಲ್ಲೇ ‘ವಾಯೇಜ್ ಆಫ್ ದ ಅಕೊಲೈಟ್’ ಎಂಬ ಸೋಲೊ ಆಲ್ಬಮ್ ತಂದಿದ್ದವನು ಅವನು. ಕೈಯಲ್ಲಿ ಹಾಡುಗಳಿದ್ದವು, ಜಾಗ ಸಾಲುತ್ತಿರಲಿಲ್ಲ. ಅಂಥವನಿಗೆ ಜಂಟಿ ಹಾಡು ಒಂದು ಹೆಚ್ಚು ಸಿಕ್ಕಿದ್ದರೆ ಏನಾಗುತ್ತಿತ್ತು? ನಿನ್ನ ಪಟ್ಟಿ ಆಲ್ಬಮನ್ನು ಉತ್ತಮ ಮಾಡಬಹುದು, ಗುಂಪನ್ನು ಉಳಿಸುವುದಿಲ್ಲ.

— ಆದರೆ ಹ್ಯಾಕೆಟ್‌ನೇ ಒಂದು ಪಟ್ಟಿ ಮಾಡಿದ್ದಾನೆ, ಗೊತ್ತಾ? 2017ರಲ್ಲಿ, ಈ ಆಲ್ಬಮ್‌ಗೆ ನಲವತ್ತು ವರ್ಷ ತುಂಬಿದ ನೆಪದಲ್ಲಿ ತನ್ನ ತಂಡದೊಂದಿಗೆ ಪ್ರವಾಸ ಹೊರಟ. ಅದರ ಬರ್ಮಿಂಗ್‌ಹ್ಯಾಮ್ ಕಛೇರಿ ‘ವದರಿಂಗ್ ನೈಟ್ಸ್’ ಎಂಬ ಹೆಸರಿನಲ್ಲಿ ಬಂದಿದೆ. ಅದರಲ್ಲಿ ‘ಅರ್ಲ್ ಆಫ್ ಮಾರ್’, ‘ಒನ್ ಫಾರ್ ದ ವೈನ್’, ‘ರೂಫ್‌ಟಾಪ್ಸ್’, ‘ಕ್ವಯಟ್ ಅರ್ತ್’, ‘ಆಫ್ಟರ್‌ಗ್ಲೋ’ ಇವೆ. ‘ಇನ್‌ಸೈಡ್ ಅಂಡ್ ಔಟ್’ ಕೂಡ ಇದೆ.

— ಇಲಿ?

— ಇಲ್ಲ.

— ‘ಸ್ಪೆಷಲ್ ವೇ’?

— ಅದೂ ಇಲ್ಲ. ಗೊರಿಲ್ಲಾ ಅಂತೂ ಇಲ್ಲವೇ ಇಲ್ಲ. ನಾವು ಕಿತ್ತಾಡಿದ ಮೂರನ್ನೂ ಅವನು ಬಿಟ್ಟಿದ್ದಾನೆ.

— ಅದಕ್ಕಿಂತ ದೊಡ್ಡ ಮಾತು, ಯಾವುದನ್ನು ಇಟ್ಟುಕೊಂಡ ಎನ್ನುವುದು. ‘ಒನ್ ಫಾರ್ ದ ವೈನ್’, ‘ಆಫ್ಟರ್‌ಗ್ಲೋ’, ಎರಡೂ ಬ್ಯಾಂಕ್ಸ್‌ನವು. ತನಗೆ ಜಾಗ ಸಿಗಲಿಲ್ಲ ಎಂದು ಹೊರಟವನು ನಲವತ್ತು ವರ್ಷದ ಮೇಲೆ, ಜಾಗವೆಲ್ಲ ತನ್ನದೇ ಆಗಿರುವಾಗ, ಹತ್ತು ನಿಮಿಷವನ್ನು ಬ್ಯಾಂಕ್ಸ್‌ನ ಹಾಡಿಗೆ ಬಿಟ್ಟುಕೊಟ್ಟ. ವಕೀಲಿಕೆ ಮುಗಿದ ಮೇಲೆ ಹಾಡುಗಳು ಹೇಗೆ ಕೇಳುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

— ಹಾಗಾದರೆ ಅವನ ಪಟ್ಟಿಯನ್ನೇ ಅಂತಿಮ ಎಂದು ಒಪ್ಪಿಬಿಡೋಣವೇ?

— ಯಾಕೆ ಒಪ್ಪಬೇಕು? ಅದು ಕಛೇರಿಯ ಪಟ್ಟಿ. ಅಲ್ಲಿ ಹಳೆಯ ಹಾಡುಗಳ ಜೊತೆಗೆ ಅವನ ಹೊಸ ಹಾಡುಗಳೂ ಇರುತ್ತವೆ, ಎದುರಿಗೆ ಜನ ಇರುತ್ತಾರೆ. ಎಲ್‌ಪಿಯ ಎರಡು ಬದಿಯ ಲೆಕ್ಕ ಅವನಿಗಿರಲಿಲ್ಲ. ಅವನ ಪಟ್ಟಿ ಅವನದು, ನಿನ್ನದು ನಿನ್ನದು, ನನ್ನದು ನನ್ನದು. ಮೂರಕ್ಕೂ ಸಮಾನವಾದದ್ದು ಏನು ಅಂತ ನೋಡು, ಅಷ್ಟು ಸಾಕು.

— ‘ಇನ್‌ಸೈಡ್ ಅಂಡ್ ಔಟ್’ ಮೂರರಲ್ಲೂ ಒಳಗಿದೆ. ಗೊರಿಲ್ಲಾ ಮೂರರಲ್ಲೂ ಹೊರಗಿದೆ.

— ಹಾಗಾದರೆ ಒಂದು ಹಾಡಿಗೆ ಕೊನೆಗೂ ಮೂವರು ವಕೀಲರು ಸಿಕ್ಕರು. ಗೊರಿಲ್ಲಾದ ಪರವಾಗಿ ವಾದಿಸುವವರು ಯಾರಾದರೂ ಗಂಟುಬಿದ್ದರೆ ಕರೆದುಕೊಂಡು ಬಾ, ನಾಲ್ಕನೆಯ ಪಟ್ಟಿ ಮಾಡೋಣ. ಆದರೆ ಅವರೂ ಎರಡು ಬದಿಯೊಳಗೇ ಲೆಕ್ಕ ತೋರಿಸಬೇಕು.